ಹಸಿ ನೂಲಿನ ಅಳತೆ

ಹಸಿ ಕಂಬಳಿಯ ವಾಸನೆ ಎಲ್ಲರಿಗೂ ಹಿಡಿಸುವಂಥದಲ್ಲ. ಹೋದ ತಿಂಗಳು ಹರಪನಹಳ್ಳಿಯಿಂದ ಕೂಡ್ಲಿಗಿಗೆ ಹೊರಟಿದ್ದೆ. ಕೊಟ್ಟೂರು ದಾಟಿದ ಮೇಲೆ ಒಬ್ಬ ಮುದುಕ ಬಸ್ಸು ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತ. ಹೊರಗೆ ಜಿಟಿಜಿಟಿ ಮಳೆ. ಅವನ ಹೆಗಲ ಮೇಲಿನ ಕರಿ ಕಂಬಳಿ ನೀರು ಕುಡಿದು ಜೋತುಬಿದ್ದಿತ್ತು. ನನ್ನ ಪಕ್ಕದ ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡು ಕಿಟಕಿ ಸರಿಸಿದಳು. ನಾನು ಮೂಗು ಮುಚ್ಚಿಕೊಳ್ಳಲಿಲ್ಲ. ಕೂಡ್ಲಿಗಿಯಲ್ಲಿ ಇಳಿದು ಮದುವೆಮನೆಗೆ ಹೋಗಬೇಕಾದವಳು ಮುಯ್ಯಿಯ ಸೀರೆಯನ್ನು ಬಗಲಲ್ಲಿ ಇಟ್ಟುಕೊಂಡೇ ಕಾನಹೊಸಹಳ್ಳಿಯ ಬಸ್ಸು ಹತ್ತಿದೆ. ಆರು ವರ್ಷದಿಂದ ನಾನು ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ನಾನು ಹೈಸ್ಕೂಲಿನ ವಿಜ್ಞಾನದ ಟೀಚರು. ಕಾನಹೊಸಹಳ್ಳಿಯಿಂದ ಒಳಗೆ ಆರು ಕಿಲೋಮೀಟರ್ ದೂರದ ಒಂದು ಊರಿನಲ್ಲಿ ಮೂರು ವರ್ಷ ಇದ್ದೆ. ಊರಿನ ಹೆಸರು ಬರೆಯುವುದಿಲ್ಲ, ಆ ಊರಿನವರು ನನಗೇನೂ ಕೆಟ್ಟದ್ದು ಮಾಡಿದವರಲ್ಲ. ನಮ್ಮದು ಕೊಟ್ಟೂರು. ಅಪ್ಪನದು ಅಲ್ಲಿ ಬಟ್ಟೆ ಅಂಗಡಿ ಇತ್ತು. ಕಬ್ಬಿಣದ ಗಜಕಡ್ಡಿ ಹಿಡಿದು ಕೂತರೆ ಅಪ್ಪ ಒಂದು ಬೆರಳು ಹೆಚ್ಚು ಕೊಡುತ್ತಿರಲಿಲ್ಲ, ಒಂದು ಬೆರಳು ಕಡಿಮೆ ಮಾಡುತ್ತಿರಲಿಲ್ಲ. “ಗಿರಾಕಿ ಕಣ್ಣೆದುರಿಗೆ ಅಳೀಬೇಕು. ಕುಂತಲ್ಲೇ ಕುಂತು ಅಂದಾಜು ಹೇಳಿದ್ದು ಅಳತಿ ಅಲ್ಲ” ಎನ್ನುತ್ತಿದ್ದರು. ಆ ರೋಗ ನನಗೂ ಅಂಟಿತ್ತು. ಮಕ್ಕಳ ನೋಟ್‌ಬುಕ್ಕಿನಲ್ಲಿ ಗೆರೆ ಒಂದು ಮಿಲಿಮೀಟರ್ ಆಚೀಚೆ ಆದರೆ ಮತ್ತೆ ಎಳೆಸುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ಸ್ಕೇಲ್ ಟೀಚರ್ ಅನ್ನುತ್ತಾರೆಂದು ಗೊತ್ತಿತ್ತು. ನಿಜ ಹೇಳಬೇಕೆಂದರೆ ಆ ಹೆಸರಿನ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಶಾಲೆಯ ಪ್ರಯೋಗಾಲಯ ಅಂದರೆ ಒಂದು ಕಬ್ಬಿಣದ ಬೀರು. ಅದರೊಳಗೆ ಬಾಯಿ ಒಡೆದ ಎರಡು ಪ್ರನಾಳ, ಸೂಜಿಯನ್ನೂ ಎಳೆಯಲಾರದ ಒಂದು ಅಯಸ್ಕಾಂತ. ಅದಕ್ಕೇ ನಾನು ಮರವನ್ನು ಹಿಡಿದೆ. ಮರ ಪುಕ್ಕಟೆ ಸಿಗುತ್ತದೆ, ಬೀಗ ಹಾಕಬೇಕಿಲ್ಲ, ಕೈಜಾರಿ ಬಿದ್ದು ಒಡೆಯುವುದಿಲ್ಲ ಎಂದು ಹೆಡ್‌ಮಾಸ್ಟರರಿಗೆ ತಮಾಷೆ ಮಾಡಿದ್ದು ನೆನಪಿದೆ. ಶಾಲೆಯ ಗೇಟಿನಿಂದ ನೂರು ಹೆಜ್ಜೆಯಲ್ಲಿ ಬಸ್ಸು ನಿಲ್ಲುವ ಜಾಗ, ಅಲ್ಲೊಂದು ಹಳೆಯ ಹುಣಸೆಮರ. ಮರದ ರಸ್ತೆ ಮಗ್ಗುಲಿಗೆ ಒಂದು ಉದ್ದನೆಯ ಕಲ್ಲು ಚಪ್ಪಡಿ ಹಾಕಿದ್ದರು. ಬಸ್ಸಿಗೆ ಕಾಯುವವರು, ಸಂತೆಯಿಂದ ಬಂದವರು ಎಲ್ಲರೂ ಅದರ ಮೇಲೇ ಕೂರುವುದು.

ಆ ಚಪ್ಪಡಿಯ ಖಾಯಂ ಗಿರಾಕಿ ಬೀರಪ್ಪ ತಾತ. ಎಪ್ಪತ್ತು ದಾಟಿದ್ದ. ಹಿಂಡಿನ ಹಿಂದೆ ಊರೂರು ತಿರುಗುವ ಶಕ್ತಿ ಹೋದ ಮೇಲೆ ಕುರಿಗಳನ್ನು ಮಗನ ಕೈಗೆ ಕೊಟ್ಟು, ತಾನು ಮರದ ಕೆಳಗೆ ಕೂತು ಉಣ್ಣೆ ನೂಲುತ್ತಿದ್ದ. ಎದ್ದರೆ ಊಟಕ್ಕೆ, ಕೂತರೆ ನೂಲಿಗೆ. ಅವನ ಮೊಮ್ಮಗಳು ಮಾಳಮ್ಮ ನನ್ನ ಎಂಟನೆಯ ತರಗತಿಯಲ್ಲಿದ್ದಳು. ಸಣಕಲು ಹುಡುಗಿ, ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಗೊತ್ತಿದ್ದರೂ ಮೊದಲು ಒಂದು ಸಲ ತನ್ನೊಳಗೆ ಹೇಳಿಕೊಂಡು, ತುಟಿ ಅಲುಗಿಸಿ, ಆಮೇಲೆ ಹೇಳುವವಳು.

ಫೆಬ್ರವರಿಯಲ್ಲಿ ಶುರು ಮಾಡಿದೆವು. ಬಿಸಿಲು ಇನ್ನೂ ಹದವಾಗಿತ್ತು, ಹುಣಸೆಕಾಯಿ ಕೆಂಪಗಾಗಿ ಜೋತಿದ್ದವು. ಶಾಲೆಯ ಬಟ್ಟೆ ಟೇಪನ್ನು ಇಲಿ ಕಡಿದು ಹಾಕಿತ್ತು. ಒಂದು ಮೀಟರಿನ ಮರದ ಪಟ್ಟಿ ಮಾತ್ರ ಇತ್ತು, ಅದು ದುಂಡನೆಯ ಬೊಡ್ಡೆಗೆ ಬಾಗುತ್ತದೆಯೇ? ನಾವು ಪರದಾಡುವುದನ್ನು ನೋಡಿ ಬೀರಪ್ಪ ತಾತ ನಕ್ಕ.

“ಏನು ಹುಡುಕ್ತೀರಿ ಟೀಚರಮ್ಮ?”

“ಮರ ಅಳೀಬೇಕು ತಾತ. ದಾರ ಬೇಕಾಗೈತಿ.”

ಅವನು ಚೀಲಕ್ಕೆ ಕೈ ಹಾಕಿ ಕರಿ ಉಣ್ಣೆಯ ಉಂಡೆ ತೆಗೆದ. ಎರಡೂ ಕೈ ಅಗಲಿಸಿ ಒಂದೊಂದೇ ಮಾರು ಎಳೆದು ಎಂಟು ಮಾರು ನೂಲು ಹರಿದು ಕೊಟ್ಟ. ಬಿಗಿಯಾಗಿ ಹೊಸೆದ, ಹಗ್ಗದಂಥ ನೂಲು. ಒಬ್ಬ ಹುಡುಗ ಬಾಯಿ ತಡೆಯಲಾರದೆ, “ತಾತ, ನಿಮ್ಮವು ಎಷ್ಟು ಕುರಿ ಅದಾವು?” ಎಂದ. ಅದನ್ನು ಕೇಳಬಾರದೆಂದು ಅಲ್ಲಿನ ಕುರಿಗಾರರ ಮಕ್ಕಳಿಗೆಲ್ಲ ಗೊತ್ತು. ಸಂಜೆ ಹಟ್ಟಿಗೆ ಬಂದ ಕುರಿಗಳನ್ನು ಅವರು ಕಣ್ಣಾಡಿಸಿಯೇ ತಿಳಿದುಕೊಳ್ಳುತ್ತಾರೆ, ಬೆರಳು ಮಡಿಸಿ ಎಣಿಸುವುದಿಲ್ಲ.

“ಎಣಿಸಿದ್ದು ಕಡಿಮಿ ಆಗತೈತಿ ಲೇ” ಎಂದ ತಾತ. “ಮರ ಅಳದ್ರ ಏನೂ ಆಗಲ್ಲ, ಅಳ್ಕೊರಿ. ಅದೆಲ್ಲಿ ಹೋಗತೈತಿ?”

ನಾನು ಮಕ್ಕಳ ಎದುರಿಗೇ, ಎಣಿಸಿದರೆ ಕಡಿಮೆಯಾಗುತ್ತದೆ ಅನ್ನುವುದು ಮೂಢನಂಬಿಕೆ, ಅಳತೆಯೇ ವಿಜ್ಞಾನದ ಮೊದಲ ಮೆಟ್ಟಿಲು ಎಂದು ಭಾಷಣ ಮಾಡಿದೆ. ತಾತ ನೂಲುತ್ತ ತಲೆ ಆಡಿಸಿ ಕೇಳಿದ. “ಓದಿದೋರು ಹೇಳಿದ ಮ್ಯಾಲೆ ಮುಗೀತು ಬುಡ್ರಿ” ಎಂದ.

ಆ ಎರಡು ವಾರ ನನ್ನ ನೌಕರಿಯಲ್ಲೇ ಸುಖದ ದಿನಗಳು. ನೂಲಿಗೆ ಒಂದೊಂದು ಮೀಟರಿಗೆ ಒಂದು ಗಂಟು ಹಾಕಿದೆವು. ಎದೆಯ ಎತ್ತರದಲ್ಲಿ ಬೊಡ್ಡೆಗೆ ಸುತ್ತಿದರೆ ಮೂರು ಮೀಟರ್ ನಲವತ್ತು. ಎತ್ತರಕ್ಕೆ ಕಡ್ಡಿಯ ಲೆಕ್ಕ. ಕೈ ಮುಂದೆ ಚಾಚಿ ಕಡ್ಡಿಯನ್ನು ನೆಟ್ಟಗೆ ಹಿಡಿಯಬೇಕು. ಕಣ್ಣಿನಿಂದ ಮುಷ್ಟಿಗೆ ಎಷ್ಟು ದೂರವೋ ಮುಷ್ಟಿಯ ಮೇಲೆ ಕಡ್ಡಿ ಅಷ್ಟೇ ಉದ್ದ ಇರಬೇಕು. ಒಂದು ಕಣ್ಣು ಮುಚ್ಚಿ ಹಿಂದೆ ಹಿಂದೆ ಹೋಗುತ್ತ, ಮುಷ್ಟಿಗೆ ಮರದ ಬುಡ, ಕಡ್ಡಿಯ ತುದಿಗೆ ಮರದ ತುದಿ ಕೂಡಿದ ಜಾಗದಲ್ಲಿ ನಿಂತುಬಿಡಬೇಕು. ಅಲ್ಲಿಂದ ಬುಡಕ್ಕೆ ಎಷ್ಟು ದೂರವೋ ಮರ ಅಷ್ಟು ಎತ್ತರ. ಹುಡುಗರು ಹಿಂದಕ್ಕೆ ನಡೆಯುತ್ತ ಒಬ್ಬರ ಮೇಲೊಬ್ಬರು ಬಿದ್ದರು, ಒಬ್ಬ ಸಗಣಿಯಲ್ಲಿ ಕಾಲಿಟ್ಟ. ಹದಿಮೂರು ಮೀಟರ್ ಬಂತು. ನೆರಳಿನ ಅಂಚಿನಲ್ಲಿ ಎದುರುಬದುರು ನಿಂತು ಹೆಜ್ಜೆ ಹಾಕಿ ಕೊಂಬೆಗಳ ಹರವು ಅಳೆದರು. ತೊಗಟೆಯ ಮೇಲೆ ಹಾಳೆ ಇಟ್ಟು ಬಣ್ಣದ ಕಡ್ಡಿ ತಿಕ್ಕಿ ಅದರ ಅಚ್ಚು ತೆಗೆದರು. ಕಲ್ಲಿನಿಂದ ಕುಟ್ಟಿ, ಕಿವಿ ಹಚ್ಚಿ, ಎಲ್ಲಿ ಗಟ್ಟಿ ಎಲ್ಲಿ ಪೊಳ್ಳು ಎಂದು ಕೇಳಿದರು. ಎಲ್ಲ ಕಡೆಯೂ ಗಟ್ಟಿಯಾಗೇ ಇತ್ತು.

ಬೊಡ್ಡೆಯ ರಸ್ತೆ ಮಗ್ಗುಲಿಗೆ, ಕೈ ಎತ್ತಿದರೆ ಎಟುಕುವಷ್ಟು ಮೇಲೆ, ಒಂದು ಕಬ್ಬಿಣದ ಕೊಂಡಿ ಇತ್ತು. ಮುಕ್ಕಾಲು ಪಾಲನ್ನು ಮರ ನುಂಗಿತ್ತು, ಮೂಗಿನಷ್ಟು ಹೊರಗೆ ಉಳಿದಿತ್ತು. ಅದನ್ನು ಬಡಿದವನು ತಾತನ ಅಪ್ಪ, ಬುತ್ತಿಗಂಟು ನೇತುಹಾಕುವುದಕ್ಕೆ. ಅದು ಬಡಿದಾಗ ಎಷ್ಟು ಎತ್ತರದಲ್ಲಿ ಇದ್ದಿರಬೇಕು ಎಂದು ಕೇಳಿದೆ. ಎಲ್ಲರೂ ಕೆಳಗೆ ಕೆಳಗೆ ತೋರಿಸಿದರು, ಮರ ಬೆಳೆದಂತೆ ಕೊಂಡಿಯೂ ಮೇಲೆ ಹೋಗಿದೆ ಎಂದು. ಮಾಳಮ್ಮ ಮಾತ್ರ ತುಟಿ ಅಲುಗಿಸಿ, “ಅಲ್ಲೇ ಇತ್ತು ಅನ್ಸತೈತ್ರಿ. ಮರ ತುದಿಗೆ ಬೆಳಿತೈತಿ, ಬುಡದಾಗ ದಪ್ಪ ಆಗತೈತಿ ಅಷ್ಟ” ಎಂದಳು. ತಾತ ಚಪ್ಪಡಿಯಿಂದಲೇ, “ನಮ್ಮಪ್ಪನ ಕೈಗೆ ಎಟುಕೋ ಎತ್ತರದಾಗೇ ಐತಿ ನೋಡ್ರಿ ಇವತ್ತಿಗೂ” ಎಂದು ಸಾಕ್ಷಿ ಹೇಳಿದ. ಆ ಹುಡುಗಿಯ ತಲೆಯ ಮೇಲೆ ಅವತ್ತು ಕೈಯಿಟ್ಟೆ.

ಆ ಕೊಂಡಿಗೇ ನೂಲು ಕಟ್ಟಿ, ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟೆವು. ಗೌಂಡಿಗಳು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುವ ಹಾಗೆ. ಮರ ರಸ್ತೆಯ ಕಡೆಗೆ ಚೂರು ಬಾಗಿತ್ತು. ಬೊಡ್ಡೆಯ ಬುಡದಲ್ಲಿ ಸುಣ್ಣದ ಗುರುತು ಮಾಡಿ, ಅಲ್ಲಿಂದ ಕಲ್ಲಿಗೆ ಎಷ್ಟು ದೂರ ಎಂದು ಮರದ ಪಟ್ಟಿಯಿಂದ ಅಳೆದರೆ ಹದಿನೆಂಟು ಸೆಂಟಿಮೀಟರ್. ಎಷ್ಟೋ ವರ್ಷದಿಂದ ಹಾಗೇ ಬಾಗಿ ನಿಂತ ಮರ ಅದು, ಯಾರಿಗೂ ಭಯ ಇರಲಿಲ್ಲ. ಎಲ್ಲ ಅಳತೆಯನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವ ಕೆಲಸ ಮಾಳಮ್ಮನದು.

ಜೂನ್‌ನಲ್ಲಿ ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ನೀರಿನ ಪೈಪು ಹಾಕಲು ರಸ್ತೆಯುದ್ದಕ್ಕೂ ಕಾಲುವೆ ತೋಡಿದ್ದರು. ಹುಣಸೆಮರದ ಹೊಲದ ಮಗ್ಗುಲಿಗೆ, ಬುಡದಿಂದ ಎರಡು ಮಾರು ದೂರದಲ್ಲಿ ಜೆಸಿಬಿ ಆಳಕ್ಕೆ ಕೊರೆದುಕೊಂಡು ಹೋಗಿತ್ತು. ತೊಡೆಯಷ್ಟು ದಪ್ಪದ ಬೇರುಗಳು ಕಡಿದು, ಒಳಗಿನ ಕೆಂಪು ಕಾಣುತ್ತಿತ್ತು. ನಾನೇ ಒಂಬತ್ತನೆಯ ತರಗತಿಗೆ ಏರಿದ ಅದೇ ಮಕ್ಕಳನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋಗಿ, ತಾಯಿಬೇರು ಯಾವುದು, ಪಕ್ಕದ ಬೇರು ಯಾವುದು, ಬೇರು ಎಷ್ಟು ದೂರ ಹರಡುತ್ತದೆ ಎಂದು ತೋರಿಸಿದೆ. ಒಳ್ಳೆಯ ಪಾಠ ಸಿಕ್ಕಿತು ಎಂದು ಖುಷಿಪಟ್ಟೆ. ಕಡಿದ ಬೇರು ಮರವನ್ನು ಹಿಡಿದು ನಿಲ್ಲಿಸುವುದಿಲ್ಲ ಎಂಬ ಪಾಠವನ್ನು ಮಾತ್ರ ಹೇಳಲಿಲ್ಲ, ಯಾಕೆಂದರೆ ಅದು ನನಗೇ ಹೊಳೆಯಲಿಲ್ಲ. ನಾಲ್ಕು ದಿನದಲ್ಲಿ ಪೈಪು ಹಾಕಿ ಮಣ್ಣು ಮುಚ್ಚಿದರು.

ಸೆಪ್ಟೆಂಬರಿನಲ್ಲಿ ಕೂಡ್ಲಿಗಿಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ಇದೆ ಎಂದು ಸುತ್ತೋಲೆ ಬಂತು. ನಮ್ಮ ಮರವನ್ನೇ ಒಯ್ಯೋಣ ಎಂದೆ. ದೊಡ್ಡ ಚಾರ್ಟಿನಲ್ಲಿ ಎರಡು ಸಾಲು, ಒಂದು ಫೆಬ್ರವರಿಯದು, ಒಂದು ಸೆಪ್ಟೆಂಬರಿನದು. ಆ ವರ್ಷ ಉತ್ತರೆ ಮಳೆ ಹಿಡಿದುಕೊಂಡುಬಿಟ್ಟಿತ್ತು. ನಮ್ಮ ಕಡೆ ಮಳೆ ಬಂದರೆ ಎಲ್ಲರಿಗೂ ಹಬ್ಬ. ಆದರೆ ಅದು ಬಿಡದೆ ಹನಿಯುವ ಮಳೆ, ಎಂಟು ದಿನ ಸೂರ್ಯ ಕಾಣಲಿಲ್ಲ. ಶೇಂಗಾ ಹೊಲದಲ್ಲಿ ನೀರು ನಿಂತಿತ್ತು, ಸಜ್ಜೆ ತೆನೆ ಕಪ್ಪಾಗತೊಡಗಿತ್ತು, ಶಾಲೆಯ ಗೋಡೆ ಕೈಯಿಟ್ಟರೆ ತಣ್ಣಗೆ ಜಿನುಗುತ್ತಿತ್ತು.

ಮಕ್ಕಳು ಮಳೆಯಲ್ಲೇ ಮರವನ್ನು ಮತ್ತೆ ಅಳೆದರು. ಮೊದಲ ದಿನ ಕೇಕೆ ಹಾಕುತ್ತ ಓಡಿ ಬಂದರು. “ಟೀಚರ್, ಮರ ಸಣ್ಣ ಆಗೈತ್ರಿ.” ಸುತ್ತಳತೆ ಮೂರು ಮೀಟರ್ ಇಪ್ಪತ್ತೈದು ಬಂದಿತ್ತು. ನಾನು ನೂಲನ್ನು ತೆಗೆದುಕೊಂಡು ಮರದ ಪಟ್ಟಿಯ ಮೇಲೆ ಹಿಡಿದೆ. ಗಂಟಿನಿಂದ ಗಂಟಿಗೆ ಒಂದು ಮೀಟರ್ ಇರಬೇಕಾದದ್ದು ಐದು ಸೆಂಟಿಮೀಟರ್ ಹೆಚ್ಚಾಗಿತ್ತು, ಉಣ್ಣೆ ನೂಲು ನೀರು ಕುಡಿದು ಹಿಗ್ಗಿಬಿಟ್ಟಿತ್ತು. ಅದನ್ನು ಕಂಡುಹಿಡಿದೆನೆಂದು ನನಗೆ ಎಷ್ಟು ಹಿಗ್ಗು! ಅಳೆಯುವ ವಸ್ತುವನ್ನೇ ಮೊದಲು ಅಳೆಯಬೇಕು ಎಂದು ಅರ್ಧ ಗಂಟೆ ಪಾಠ ಮಾಡಿದೆ.

ಮಾರನೆಯ ದಿನ ಸಂಜೆ, ನಾಲ್ಕೂ ಕಾಲರ ಬಸ್ಸಿಗೆ ಹತ್ತು ನಿಮಿಷ ಇತ್ತು. ನನಗೆ ನೆಗಡಿ, ತಲೆ ಸಿಡಿಯುತ್ತಿತ್ತು. ಚಾರ್ಟು ಮೇಜಿನ ಮೇಲೆ ಸಿದ್ಧವಾಗಿತ್ತು. ಸ್ಟಾಫ್ ರೂಮಿನ ಬಾಗಿಲಲ್ಲಿ ಮಾಳಮ್ಮ ತಲೆಯಿಂದ ನೀರು ಸುರಿಸುತ್ತ ನಿಂತಿದ್ದಳು. ಕೈಯಲ್ಲಿ ನೂಲಿನ ಉಂಡೆ, ಸೆರಗಿನ ಹಾಗೆ ಹೊದ್ದ ಗೊಬ್ಬರದ ಚೀಲದೊಳಗೆ ನೋಟ್‌ಬುಕ್ಕು.

“ಟೀಚರ್, ಕಲ್ಲು ದೂರ ಹೋಗೈತ್ರಿ.”

“ಯಾವ ಕಲ್ಲು?”

“ನೂಲಿಗೆ ಕಟ್ಟಿದ್ದುರಿ. ಆವಾಗ ಹದಿನೆಂಟು ಇತ್ತು. ಈಗ ಇಪ್ಪತ್ತಾರು ಐತ್ರಿ.”

“ನೂಲು ಹಸಿ ಆಗೈತಿ ಮಾಳಮ್ಮ. ನಿನ್ನೆ ಸುತ್ತಳತಿ ತಪ್ಪಿದಂಗ ಇದೂ ತಪ್ಪೈತಿ.”

ಅವಳ ತುಟಿ ಅಲುಗಿತು. ಒಂದು ಸಲ ಒಳಗೇ ಹೇಳಿಕೊಂಡು, ಆಮೇಲೆ ಹೇಳಿದಳು. “ಮೊದಲಿಗೆ ಕಲ್ಲು ನೆಲ ಮುಟ್ಟಿತ್ತರಿ. ನಾನು ನೂಲು ಮ್ಯಾಲೆ ಎಳದು ಗಂಟು ಹಾಕಿ ಮತ್ತ ಅಳದೆ, ಅಷ್ಟ ಬಂತು. ನೂಲು ಉದ್ದ ಆದ್ರ ಕಲ್ಲು ಕೆಳಗ ಇಳೀಬೇಕು ಅಲ್ರಿ? ಮಗ್ಗುಲಿಗೆ ಯಾಕ ಹೋಗತೈತ್ರಿ?”

ಇಪ್ಪತ್ತು ವರ್ಷದಲ್ಲಿ ಒಂದು ಮಗು ನನ್ನನ್ನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು. ಉತ್ತರ ಇಲ್ಲದಾಗ ನಾವು ಟೀಚರುಗಳು ಏನು ಮಾಡುತ್ತೇವೋ ಅದನ್ನೇ ಮಾಡಿದೆ, ದನಿ ಏರಿಸಿದೆ. “ಅಂಥಾ ದೊಡ್ಡ ಮರ ಏಳು ತಿಂಗಳಿಗೆ ಎಂಟು ಸೆಂಟಿಮೀಟರ್ ವಾಲತೈತೇನು? ಚಾರ್ಟು ಬರದಾಗೈತಿ. ಅಳಿಸಿ ಹದಿನೆಂಟು ಬರಿ.”

ಅವಳು ನನ್ನ ಮೇಜಿನ ಮೂಲೆಯಲ್ಲಿ ನೋಟ್‌ಬುಕ್ಕು ಇಟ್ಟು, ನನ್ನದೇ ರಬ್ಬರಿನಿಂದ ಅಳಿಸಿದಳು. ಹಾಳೆ ತೇವವಾಗಿದ್ದರಿಂದ ಅಲ್ಲಿ ಸ್ವಲ್ಪ ಎದ್ದು ಬಂತು. ಅದರ ಮೇಲೆ ಹದಿನೆಂಟು ಎಂದು ಬರೆದಳು. ಗೇಟಿನಿಂದ ಮರಕ್ಕೆ ನೂರು ಹೆಜ್ಜೆ. ಮಳೆಯಲ್ಲಿ ಸೀರೆ ಕೆಸರಾಗುತ್ತದೆ ಎಂದು ನಾನು ಹೋಗಿ ನೋಡಲಿಲ್ಲ. ಬಸ್ಸಿಗೆಂದು ಅಲ್ಲಿಗೇ ಹೋಗಿ ನಿಂತೆನಲ್ಲ, ಆಗಲೂ ಕೊಡೆ ಹಿಡಿದು ರಸ್ತೆ ನೋಡುತ್ತಿದ್ದೆನೇ ಹೊರತು ತಲೆಯೆತ್ತಿ ಮರ ನೋಡಲಿಲ್ಲ. ತಾತ ತಲೆಯಿಂದ ಇಳಿಬಿಟ್ಟ ಕಂಬಳಿಯ ಗೊಪ್ಪೆಯೊಳಗಿಂದ, “ಹೋಗಿ ಬರ್ರಿ ಟೀಚರಮ್ಮ” ಎಂದ.

ಪ್ರದರ್ಶನ ಅದರ ಮರುದಿನ ಬಿಟ್ಟು ಮರುದಿನ. ನಾನು, ಮಾಳಮ್ಮ, ಇನ್ನಿಬ್ಬರು ಹುಡುಗರು ಬೆಳಿಗ್ಗೆ ಕೂಡ್ಲಿಗಿಗೆ ಹೋದೆವು. ಚಾರ್ಟಿನ ಕೊನೆಗೆ ನಾನೇ ದಪ್ಪಕ್ಷರದಲ್ಲಿ ಬರೆದಿದ್ದೆ, ‘ನಮ್ಮ ಮರ ಗಟ್ಟಿಯಾಗಿ ನಿಂತಿದೆ’ ಎಂದು. ನೋಡಲು ಬಂದ ಹಿರಿಯರೊಬ್ಬರು ಕಡ್ಡಿ, ನೂಲು, ಕಲ್ಲು ಎಲ್ಲವನ್ನೂ ಮಾಳಮ್ಮನಿಂದ ಮಾಡಿಸಿ ನೋಡಿದರು. ವಾಲಿಕೆಯ ಸಾಲಿಗೆ ಬಂದಾಗ, “ಎರಡು ಸಲಾನೂ ಹದಿನೆಂಟೇ ಬಂತೇನಮ್ಮ?” ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. “ಹೂನ್ರಿ” ಎಂದಳು. ನಮಗೆ ಎರಡನೆಯ ಬಹುಮಾನ ಬಂತು. ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದು ಮೊಬೈಲನ್ನು ಬ್ಯಾಗಿನ ತಳಕ್ಕೆ ಹಾಕಿದ್ದೆ. ಹೆಡ್‌ಮಾಸ್ಟರರು ಹತ್ತಾರು ಸಲ ಫೋನು ಮಾಡಿದ್ದರೆಂದು ಆಮೇಲೆ ಗೊತ್ತಾಯಿತು.

ಹಿಂದಕ್ಕೆ ಬರುವಾಗ ಬಸ್ಸು ಊರಿಗಿಂತ ಅರ್ಧ ಕಿಲೋಮೀಟರ್ ಮೊದಲೇ ನಿಂತಿತು. “ಮುಂದ ಹುಣಸಿಮರ ಬಿದ್ದೈತಿ, ಇಲ್ಲೇ ಇಳೀರಿ” ಎಂದ ಕಂಡಕ್ಟರು. ಯಾರೋ ಹಿಂದಿನ ಸೀಟಿನವರು, “ಮಂದಿ ಗಿಂದಿ ಏನಾರ…” ಎಂದು ಕೇಳುತ್ತಿದ್ದರು. ಮಾಳಮ್ಮ ಸುತ್ತಿದ ಚಾರ್ಟನ್ನು ಎದೆಗೆ ಹಿಡಿದು ಕೂತಿದ್ದಳು. ಅದನ್ನು ಮಡಚದ ಹಾಗೆ, ನಿಧಾನಕ್ಕೆ ನನ್ನ ತೊಡೆಯ ಮೇಲೆ ಇಟ್ಟಳು. ಆಮೇಲೆ ಓಡಿದಳು.

ಗಾಳಿ ಇರಲಿಲ್ಲವಂತೆ. ಮಳೆಯೂ ಅರ್ಧ ತಾಸು ಬಿಟ್ಟಿತ್ತಂತೆ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೊಲದ ಮಗ್ಗುಲಿನ ನೆಲ ಬಾಯಿ ಬಿಟ್ಟು, ಮರ ಬುಡಸಮೇತ ರಸ್ತೆಯ ಕಡೆಗೆ ಒರಗಿಕೊಂಡಿತಂತೆ. ಚಪ್ಪಡಿಯ ಮೇಲೆ ಬೀರಪ್ಪ ತಾತ ಒಬ್ಬನೇ ಇದ್ದ. ಜೊತೆಗೆ ಕೂತಿದ್ದ ಇಬ್ಬರು ಆಗಷ್ಟೇ ಚಹಾಕ್ಕೆ ಎದ್ದು ಹೋಗಿದ್ದರು. ಬೇರು ಕಡಿದ ಜೆಸಿಬಿಯೇ ಬಂದು ಮರ ಎತ್ತಿತು. ನಾನು ಹೋದಾಗ ಅವನನ್ನು ರಸ್ತೆಯ ಮಗ್ಗುಲಿಗೆ ಮಲಗಿಸಿ ಅವನದೇ ಕಂಬಳಿ ಹೊದಿಸಿದ್ದರು. ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ಆ ವಾಸನೆ ಅವತ್ತು ನನ್ನ ಮೂಗಿಗೆ ಹತ್ತಿದ್ದು.

ಪಂಚನಾಮೆ ಬರೆಯಲು ಬಂದವರು ನೆರೆದವರನ್ನೆಲ್ಲ ಕೇಳಿದರು. “ಮರ ವಾಲಿದ್ದು ಯಾರಾರ ಮೊದ್ಲ ನೋಡಿದ್ರೇನು?”

“ಇಲ್ರಿ. ಅದು ಮೊದ್ಲಿಂದ ಹಂಗ ಇತ್ತು” ಎಂದರು ಊರವರು.

ಮಾಳಮ್ಮ ತನ್ನ ತಾಯಿ ಗಂಗಮ್ಮನ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತಿದ್ದಳು. ಅವಳು ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಚಪ್ಪಲಿಗೆ ಹತ್ತಿದ ಕೆಸರು ನೋಡಿದೆ. ಗಾಳಿಮಳೆಗೆ ಮರ ಬಿದ್ದು ಸಾವು ಎಂದು ಬರೆದುಕೊಂಡು ಹೋದರು. ಎಂದೂ ಅಳತೆ ತಪ್ಪಬಾರದು ಎಂದು ಮಕ್ಕಳಿಗೆ ಬೈಯುತ್ತಿದ್ದ ನಾನು ಅವತ್ತು ಅಳತೆಯನ್ನು ಎರಡನೆಯ ಸಲ ಅಳಿಸಿದೆ.

ಮಣ್ಣಾದ ಮೂರನೆಯ ದಿನ, ಹಾಲು ತುಪ್ಪ ಬಿಟ್ಟು ಬಂದ ಮಧ್ಯಾಹ್ನ, ಮಾಳಮ್ಮ ಶಾಲೆಗೆ ಬಂದಳು. ಗರಗಸದವರು ಇನ್ನೂ ಬಂದಿರಲಿಲ್ಲ. ಮರವನ್ನು ರಸ್ತೆಯಿಂದ ಎಳೆದು ಉದ್ದಕ್ಕೆ ಒಂದು ಮಗ್ಗುಲಿಗೆ ಹಾಕಿದ್ದರು, ಕೊಂಬೆಗಳಲ್ಲಿ ಎಲೆ ಇನ್ನೂ ಹಸಿರಾಗಿತ್ತು. ಕಿಟಕಿಯಿಂದ ನೋಡಿದರೆ ಹುಡುಗಿ ಒಬ್ಬಳೇ ಬುಡದಿಂದ ತುದಿಯವರೆಗೆ ನೂಲು ಹಿಡಿದು ನಡೆಯುತ್ತಿದ್ದಾಳೆ. ಗಂಟಿನಿಂದ ಗಂಟಿಗೆ ಕಲ್ಲಿಟ್ಟು ಗುರುತು ಮಾಡುತ್ತಿದ್ದಾಳೆ. ನಾನು ಆಗ ಹೋದೆ. ಸೀರೆಯ ಯೋಚನೆ ಬರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

“ಒಲಿ ಮುಂದ ಒಣಗಿಸ್ಕೊಂಡು ಬಂದೀನ್ರಿ” ಎಂದಳು, ನೂಲು ತೋರಿಸಿ. “ಹದಿಮೂರು ಮೀಟರ್ ಮ್ಯಾಲೆ ಒಂದು ಗೇಣು. ನಿಮ್ಮ ಕಡ್ಡಿ ಲೆಕ್ಕ ಸರಿ ಇತ್ರಿ ಟೀಚರ್.”

ನಿನ್ನದೂ ಸರಿ ಇತ್ತು ಎನ್ನಬೇಕಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಏನಾಗುತ್ತದೆ ಎಂಬ ಹೆದರಿಕೆ, ಊರು ಏನಂದೀತು, ನೌಕರಿ ಏನಾದೀತು. “ಮನಿಗೆ ಹೋಗವ್ವ, ನಿಮ್ಮಮ್ಮ ಹುಡುಕ್ತಿರ್ತಾಳ” ಎಂದೆ. ಅವಳು ನೂಲನ್ನು ಉಂಡೆ ಮಾಡಿ ನನ್ನ ಕೈಗೆ ಕೊಟ್ಟು ಹೋದಳು. ಆಮೇಲೆ ಹತ್ತನೆಯ ತರಗತಿ ಮುಗಿಯುವವರೆಗೂ ಅವಳು ಕ್ಲಾಸಿನಲ್ಲಿ ತಾನಾಗಿ ಒಂದು ಪ್ರಶ್ನೆ ಕೇಳಲಿಲ್ಲ ಎಂದು ಅಲ್ಲಿನ ಟೀಚರುಗಳು ಸಿಕ್ಕಾಗ ಹೇಳಿದರು. ನಾನು ಮುಂದಿನ ಜೂನ್‌ಗೆ ಕೇಳಿಕೊಂಡು ಹರಪನಹಳ್ಳಿಗೆ ವರ್ಗ ಮಾಡಿಸಿಕೊಂಡುಬಿಟ್ಟಿದ್ದೆ. ಮರದ ಪಾಠವನ್ನು ಈಗ ಪುಸ್ತಕದ ಚಿತ್ರ ತೋರಿಸಿ ಮುಗಿಸುತ್ತೇನೆ. ನೋಟ್‌ಬುಕ್ಕು ನನ್ನ ಹತ್ತಿರವೇ ಇದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹದಿನೆಂಟರ ಕೆಳಗೆ ಇಪ್ಪತ್ತಾರರ ಒತ್ತು ಕಾಣುತ್ತದೆ. ಅವಳು ಪೆನ್ಸಿಲನ್ನು ಒತ್ತಿ ಬರೆಯುವವಳು.

ಹೋದ ತಿಂಗಳು ಬಸ್ಸಿಳಿದಾಗ ಅಲ್ಲಿ ತಗಡಿನ ತಂಗುದಾಣ ಇತ್ತು. ಚಪ್ಪಡಿ ಇರಲಿಲ್ಲ. ಬುಡ ಕಿತ್ತ ಗುಂಡಿಯನ್ನು ಗರಸು ಮಣ್ಣು ಹಾಕಿ ಮುಚ್ಚಿದ್ದರು. ಸೀದಾ ಗಂಗಮ್ಮನ ಮನೆಗೆ ಹೋದೆ. ಗಂಗಮ್ಮ ಗುರುತು ಹಿಡಿದು, ಕಂಬಳಿ ಹಾಸಿ ಕೂರಿಸಿ, ಚಹಾಕ್ಕೆ ಇಟ್ಟಳು. ಮಾಳಮ್ಮ ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ ಎಂದಳು. ಚಹಾ ಕೈಗೆ ಬರುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ, ಇಪ್ಪತ್ತಾರು, ರಬ್ಬರು, ಸೀರೆ, ನೂರು ಹೆಜ್ಜೆ.

ಗಂಗಮ್ಮ ಒಲೆಯ ಕಡೆಗೆ ತಿರುಗಿಯೇ ಇದ್ದಳು. ಸಕ್ಕರೆ ಹಾಕಿದಳು, ಸೋಸಿದಳು.

“ಗೊತ್ತೈತ್ರಿ ಟೀಚರ್” ಎಂದಳು. “ಅಕಿ ಅವತ್ತ ಸಂಜಿಗೇ ಬಂದು ಹೇಳಿದ್ಲು. ಮರ ವಾಲೈತಿ, ನಾಳಿಂದ ಅಲ್ಲಿ ಕುಂದ್ರಬ್ಯಾಡ ತಾತ ಅಂತ ಅವರ ತಾತನ ಕೂಡ ಜಗಳ ತಗದ್ಲು. ಮಾವ ಉಣ್ಣಾಕ ಕುಂತಿದ್ದ. ಟೀಚರಮ್ಮ ಏನಂದ್ರು ಅಂತ ಕೇಳಿದ. ನೂಲು ಹಸಿ ಆಗಿ ತಪ್ಪು ಬಂದೈತಿ ಅಂದ್ರು ಅಂದ್ಲು. ಹಂಗಾದ್ರ ಮುಗೀತಲ್ಲ, ಓದಿದೋರು ಹೇಳ್ಯಾರ, ಸುಮ್ಕಿರು ಅಂದ. ಮುಂಜಾನಿ ಎದ್ದು ಹೋಗಿ ಅಲ್ಲೇ ಕುಂತ. ಅದರ ಮರುದಿನಾನೂ ಅಲ್ಲೇ.”

ಚಹಾದ ಲೋಟ ನನ್ನ ಎದುರಿಗಿಟ್ಟಳು. ಗಂಗಮ್ಮ ಬೈಯಲಿಲ್ಲ, ಅಳಲಿಲ್ಲ. ಗೂಡಿನಿಂದ ಮೊಬೈಲು ತೆಗೆದು, ಮಗಳಿಗೆ ಹಚ್ಚಿ, ನನ್ನ ಕೈಗೆ ಕೊಟ್ಟಳು. “ನನಗ ಹೇಳಿ ಏನು ಮಾಡ್ತೀರಿ? ಅಕಿಗೇ ಹೇಳ್ರಿ” ಎಂದು ಹೊರಗೆ ಹೋದಳು.

ಮೂರು ಸಲ ರಿಂಗಾಯಿತು. “ಹೇಳವ್ವ” ಎಂದಿತು ಆ ಕಡೆಯ ದನಿ. ಅದು ಗಟ್ಟಿಯಾಗಿತ್ತು, ದೊಡ್ಡವಳ ದನಿ.

“ಮಾಳಮ್ಮ, ನಾನು ಸ್ಕೇಲ್ ಟೀಚರ್” ಎಂದೆ. “ಅವತ್ತು ನೀನು ಅಳದಿದ್ದು ಸರಿ ಇತ್ತು. ಇಪ್ಪತ್ತಾರೇ ಸರಿ. ನಾನು ತಪ್ಪು ಬರೆಸಿದೆ.”

ಆ ಕಡೆ ಅವಳು ತುಟಿ ಅಲುಗಿಸುತ್ತಿದ್ದಾಳೆ, ಒಂದು ಸಲ ತನ್ನೊಳಗೇ ಹೇಳಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು.

“ನನಗ ಗೊತ್ತಿತ್ರಿ ಟೀಚರ್” ಎಂದಳು. “ತಾತಗ ಗೊತ್ತಿದ್ದಿಲ್ಲ.”